ಮಗುವಿನ ಕತ್ತಿನಲ್ಲಿ ಥೈರಾಯ್ಡ್ ಗಂಟು: ಕ್ಯಾನ್ಸರ್ ಅಪಾಯವನ್ನು ಹಂತಹಂತವಾಗಿ ಅಳೆಯುವ ಬಗೆ

ಜಡೆ ಹೆಣೆಯುವಾಗಲೋ, ಶಾಲೆಗೆ ಬಂದ, ಮಕ್ಕಳ ಆರೋಗ್ಯ ತಪಾಸಣೆ ಮಾಡುವ ಆರ್‌ಬಿಎಸ್‌ಕೆ ತಂಡದವರು ಕತ್ತು ಸವರಿ ನೋಡಿದಾಗಲೋ ಮಗುವಿನ ಕೊರಳಿನ ಒಂದು ಪಕ್ಕ ಉಬ್ಬಿರುವುದು ಗೊತ್ತಾಗುತ್ತದೆ. ಮನೆಯಲ್ಲಿ ಎರಡು ಮಾತು ಹುಟ್ಟುತ್ತವೆ. ‘ಮಲೆನಾಡಲ್ಲಿ ಗಳಗಂಡ ಏನು ಹೊಸದಾ, ದೊಡ್ಡೋಳಾದ್ಮೇಲೆ ತಾನೇ ಇಳಿಯುತ್ತೆ’ ಅನ್ನುವುದು ಅಜ್ಜಿಯ ಮಾತು. ‘ಕ್ಯಾನ್ಸರ್ರೇ ಇರಬೇಕು’ ಅನ್ನುವುದು ಮೊಬೈಲ್‌ನಲ್ಲಿ ಹುಡುಕಿದವರ ಮಾತು. ಮೊದಲನೆಯದರಿಂದ ತಿಂಗಳುಗಳು ಹಾಳು, ಎರಡನೆಯದರಿಂದ ನಿದ್ದೆ ಹಾಳು.

ಲೆಕ್ಕ ಹೀಗಿದೆ. ಕೈಗೆ ಸಿಗುವಂಥ ಥೈರಾಯ್ಡ್ ಗಂಟು ಇರುವುದು ನೂರು ಮಕ್ಕಳಲ್ಲಿ ಒಬ್ಬಿಬ್ಬರಿಗೆ. ದೊಡ್ಡವರಲ್ಲಿ ಗಂಟುಗಳು ಬೇಕಾದಷ್ಟು, ಅವುಗಳಲ್ಲಿ ಕ್ಯಾನ್ಸರ್ ಆಗಿರುವುದು ನೂರಕ್ಕೆ 5ರಿಂದ 10. ಮಕ್ಕಳಲ್ಲಿ ಗಂಟೇ ಕಡಿಮೆ, ಆದರೆ ಸಿಕ್ಕ ಗಂಟುಗಳಲ್ಲಿ ನೂರಕ್ಕೆ 22ರಿಂದ 26 ಕ್ಯಾನ್ಸರ್. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಮಕ್ಕಳಿಗೆಂದೇ ಹೊರಡಿಸಿದ ಮಾರ್ಗಸೂಚಿಯ ಅಂಕಿ ಇದು. ಅಂದರೆ ನಾಲ್ಕರಲ್ಲಿ ಮೂರು ಗಂಟು ಕ್ಯಾನ್ಸರ್ ಅಲ್ಲ. ಹಾಗಂತ ನಾಲ್ಕರಲ್ಲಿ ಒಂದನ್ನು ‘ನೋಡೋಣ ಬಿಡಿ’ ಎಂದು ಕೈಬಿಡಲೂ ಆಗದು. ಕ್ಯಾನ್ಸರ್ ಆದರೂ ಅದು ಬಹುಪಾಲು ಪ್ಯಾಪಿಲ್ಲರಿ ಜಾತಿಯದು. ಕತ್ತಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದ ಮೇಲೆ ಸಿಕ್ಕಿಬಿದ್ದರೂ ಸರಿಯಾದ ಚಿಕಿತ್ಸೆ ಪಡೆದ ಮಕ್ಕಳಲ್ಲಿ 95%ಕ್ಕೂ ಹೆಚ್ಚು ಮಂದಿ ದಶಕಗಟ್ಟಲೆ ಬದುಕುತ್ತಾರೆ.

ಎಡವಟ್ಟಾಗುವುದು ದೊಡ್ಡವರ ಅಳತೆಗೋಲನ್ನು ಹಾಗೇ ಮಗುವಿನ ಕತ್ತಿಗೆ ಇಟ್ಟಾಗ, ಅದರಲ್ಲೂ ಗಂಟಿನ ಸೆಂಟಿಮೀಟರ್ ನೋಡಿ ತೀರ್ಮಾನ ಮಾಡಿದಾಗ. ಹಾಸನ, ಚಿಕ್ಕಮಗಳೂರು ಕಡೆಯ ತಂದೆತಾಯಂದಿರಿಗೆ, ಜೊತೆಗೆ ಮೊದಲು ಮಗುವನ್ನು ನೋಡುವ ಊರಿನ ವೈದ್ಯರಿಗೆ ಮತ್ತು ಆಶಾ ಕಾರ್ಯಕರ್ತೆಯರಿಗೆ ಉಪಯೋಗವಾಗಲಿ ಎಂದು ಕ್ರಮವನ್ನು ಇಲ್ಲಿ ಬಿಡಿಸಿ ಹೇಳಿದ್ದೇವೆ.

ಹಂತ 1: ಗಂಟೋ, ಇಡೀ ಗ್ರಂಥಿಯ ಊತವೋ

ಮಗುವನ್ನು ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರಿಸಿ. ಗಲ್ಲ ಸ್ವಲ್ಪ ಮೇಲೆತ್ತಲಿ, ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸುವುದು ಬೇಡ. ಬಾಗಿಸಿದರೆ ಕತ್ತಿನ ಸ್ನಾಯು ಬಿಗಿದುಕೊಂಡು ಸಣ್ಣ ಗಂಟು ಅಡಗಿಬಿಡುತ್ತದೆ. ಕೈಗೆ ಒಂದು ಲೋಟ ನೀರು ಕೊಟ್ಟು ಗುಟುಕು ಗುಟುಕಾಗಿ ಕುಡಿಸಿ. ಥೈರಾಯ್ಡ್‌ನಲ್ಲಿರುವ ಗಂಟು ನುಂಗಿದಾಗಲೆಲ್ಲ ಮೇಲೇರಿ ಇಳಿಯುತ್ತದೆ. ಕತ್ತಿನ ಪಕ್ಕದಲ್ಲಿದ್ದು, ನುಂಗಿದರೂ ಅಲುಗದಿದ್ದರೆ ಅದು ದುಗ್ಧಗ್ರಂಥಿ ಆಗಿರುವ ಸಾಧ್ಯತೆ ಹೆಚ್ಚು. ಆಮೇಲೆ ಬಾಯಿ ತೆರೆದು ನಾಲಿಗೆ ಚಾಚಲು ಹೇಳಿ. ನಟ್ಟನಡುವೆ ಇರುವ ಉಬ್ಬು ನಾಲಿಗೆಯ ಜೊತೆಗೂ ಮೇಲೇರಿದರೆ ಅದು ಹುಟ್ಟಿನಿಂದಲೇ ಉಳಿದ ಥೈರೋಗ್ಲಾಸಲ್ ನಾಳದ ನೀರುಗುಳ್ಳೆ ಇರಬಹುದು. ಅದರ ದಾರಿ ಬೇರೆ. ಆದರೆ ಅದನ್ನು ತೆಗೆಸುವ ಮುನ್ನವೂ ಒಂದು ಸ್ಕ್ಯಾನ್ ಬೇಕೇಬೇಕು. ಕೆಲವು ಮಕ್ಕಳಿಗೆ ಥೈರಾಯ್ಡ್ ತನ್ನ ಜಾಗಕ್ಕೆ ಇಳಿದೇ ಇರುವುದಿಲ್ಲ, ಆ ಉಬ್ಬೇ ಅವರಿಗಿರುವ ಒಂದೇ ಥೈರಾಯ್ಡ್ ಆಗಿರುತ್ತದೆ.

ಎರಡೂ ಕಡೆ ಸಮನಾಗಿ, ಮೆತ್ತಗೆ, ಚಿಟ್ಟೆ ರೆಕ್ಕೆ ಬಿಚ್ಚಿದಂತೆ ಊದಿದ್ದರೆ ಅದು ಗಂಟಲ್ಲ, ಗಳಗಂಡ. ಗುಡ್ಡಗಾಡಿನಲ್ಲಿ ಮಳೆ ಮಣ್ಣಿನ ಅಯೋಡಿನ್ ಅನ್ನು ತೊಳೆದುಕೊಂಡು ಹೋಗುತ್ತದೆ. ಮಲೆನಾಡಿಗೆ ಗಳಗಂಡ ಹಳೆಯ ಪರಿಚಯವಾದದ್ದು ಹಾಗೆ. ಅಯೋಡಿನ್ ಇಲ್ಲದ ಉಪ್ಪನ್ನು ತಿನ್ನಲು ಮಾರುವಂತಿಲ್ಲ ಎಂಬ ನಿಯಮ ದೇಶದಾದ್ಯಂತ 2006ರಿಂದ ಇದೆ, ಮನೆಗೆ ಬರುವ ಉಪ್ಪಿನಲ್ಲಿ ಕನಿಷ್ಠ 15 ಪಿಪಿಎಂ ಅಯೋಡಿನ್ ಇರಬೇಕು. ಉಪ್ಪಿನಕಾಯಿಗೆಂದು ತಂದ ಹರಳುಪ್ಪೇ ಸಾರಿಗೂ ಪಲ್ಯಕ್ಕೂ ಬೀಳುತ್ತಿದ್ದರೆ ಪೊಟ್ಟಣದ ಮೇಲಿನ ಬರಹ ಒಮ್ಮೆ ಓದಿ. ಈಗಿನ ಹೈಸ್ಕೂಲ್ ಹುಡುಗಿಯರ ಕತ್ತಿನ ಊತಕ್ಕೆ ಹಾಶಿಮೋಟೋ, ಅಂದರೆ ದೇಹವೇ ತನ್ನ ಥೈರಾಯ್ಡ್ ಮೇಲೆ ಮುನಿದುಕೊಳ್ಳುವ ಕಾಯಿಲೆ, ಒಂದು ದೊಡ್ಡ ಕಾರಣ.

ಆದರೂ ‘ಇಡೀ ಊತ, ಹಾಗಾಗಿ ಕ್ಯಾನ್ಸರ್ ಅಲ್ಲ’ ಎಂದು ಇಲ್ಲೇ ಕಡತ ಮುಚ್ಚಬೇಡಿ. ಮಕ್ಕಳಲ್ಲಿ ಗಂಟೇ ಕಟ್ಟದೆ ಗ್ರಂಥಿಯ ತುಂಬ ಹಬ್ಬುವ ಪ್ಯಾಪಿಲ್ಲರಿ ಕ್ಯಾನ್ಸರ್ ಒಂದಿದೆ. ಊತ ಒಂದು ಕಡೆ ಜಾಸ್ತಿ ಇದ್ದರೆ, ಗಟ್ಟಿಯಾಗಿದ್ದರೆ ಅಥವಾ ಪಕ್ಕದಲ್ಲಿ ದುಗ್ಧಗ್ರಂಥಿಗಳು ಸಿಕ್ಕರೆ ಅಂಥ ಗಳಗಂಡಕ್ಕೂ ಸ್ಕ್ಯಾನ್ ಆಗಲೇಬೇಕು.

ವಾರದೊಳಗೆ ಆಸ್ಪತ್ರೆಗೆ ಹೋಗಬೇಕಾದ ಚಿಹ್ನೆಗಳು ಇವು: ಕಲ್ಲಿನಷ್ಟು ಗಟ್ಟಿ, ಅಲುಗದ ಗಂಟು, ಶೀತವಿಲ್ಲದೆ ವಾರಗಟ್ಟಲೆ ಒಡಕು ದನಿ, ಕೆಲವೇ ವಾರಗಳಲ್ಲಿ ಕಣ್ಣಿಗೆ ಕಾಣುವ ಬೆಳವಣಿಗೆ, ನುಂಗಲು ಕಷ್ಟ. ಮಲಗಿದರೆ ಉಸಿರು ಕಟ್ಟುತ್ತಿದ್ದರೆ ವಾರ ಕಾಯಬೇಡಿ, ಅವತ್ತೇ ಹೊರಡಿ. ಜ್ವರ, ಕೆಂಪು, ಮುಟ್ಟಿದರೆ ಕಿರುಚುವಷ್ಟು ನೋವು ಇದ್ದರೆ ಅದು ಕೀವಿನ ಲಕ್ಷಣ. ಎಡಗಡೆಯೇ ಮತ್ತೆ ಮತ್ತೆ ಕೀವಾದರೆ ಗಂಟಲೊಳಗಿಂದ ಬರುವ ಹುಟ್ಟು ನಾಳವನ್ನು ಹುಡುಕಬೇಕಾಗುತ್ತದೆ. ಅದು ಕ್ಯಾನ್ಸರ್ ಪ್ರಶ್ನೆಯಲ್ಲ.

ಹಂತ 2: ಮನೆತನದ, ಹಳೆಯ ಚಿಕಿತ್ಸೆಯ ವಿಚಾರಣೆ

ಒಪಿಡಿಯ ಸಾಲಿನಲ್ಲಿ ನಿಂತಾಗ ಇದಕ್ಕೆ ಎರಡು ನಿಮಿಷವೂ ಸಿಗದು. ಹಾಗಾಗಿ ಮನೆಯಲ್ಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಎಲ್ಲಕ್ಕಿಂತ ಭಾರವಾದ ಪ್ರಶ್ನೆ ವಿಕಿರಣದ್ದು. ರಕ್ತದ ಕ್ಯಾನ್ಸರ್, ಹಾಜ್ಕಿನ್ ಲಿಂಫೋಮ, ಮೆದುಳಿನ ಗಡ್ಡೆ ಇಂಥವಕ್ಕೆ ಮಗುವಿನ ತಲೆ, ಕತ್ತು, ಎದೆಗೆ ಕರೆಂಟ್ ಚಿಕಿತ್ಸೆ (ಊರಲ್ಲಿ ರೇಡಿಯೋಥೆರಪಿಯನ್ನು ಕರೆಯುವುದೇ ಹೀಗೆ) ಆಗಿತ್ತೇ? ಆಗ ವಯಸ್ಸೆಷ್ಟು? 5 ವರ್ಷದೊಳಗಿನ ಥೈರಾಯ್ಡ್ ವಿಕಿರಣಕ್ಕೆ ಅತಿ ಬೇಗ ಸೋಲುತ್ತದೆ. ಗಂಟು ತಲೆಯೆತ್ತುವುದು ಎಷ್ಟೋ ವರ್ಷಗಳ ಮೇಲೆ, ಅಷ್ಟರಲ್ಲಿ ಹಳೆಯ ಕಾಯಿಲೆ ಮರೆತೇ ಹೋಗಿರುತ್ತದೆ. 1986ರ ಚೆರ್ನೋಬಿಲ್ ದುರಂತದ ನಂತರ ಸುತ್ತಲಿನ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಏರಿದ್ದು ಇದೇ ಕಾರಣಕ್ಕೆ. ಒಂದೆರಡು ಎದೆಯ ಎಕ್ಸ್‌ರೇ ಈ ಲೆಕ್ಕಕ್ಕೆ ಬರುವುದಿಲ್ಲ. ಮೊಬೈಲ್ ಟವರ್, ಎಲೆಕೋಸಿನ ಪಲ್ಯ ಇವನ್ನೂ ಪಟ್ಟಿಯಿಂದ ಬಿಡಿ.

ಎರಡನೆಯದು ಕುಟುಂಬ. ಅಪ್ಪ, ಅಮ್ಮ, ಒಡಹುಟ್ಟಿದವರು, ಸೋದರಮಾವ, ಅತ್ತೆ, ಅಜ್ಜ, ಅಜ್ಜಿ ಯಾರಿಗಾದರೂ ಥೈರಾಯ್ಡ್ ಕ್ಯಾನ್ಸರ್ ಇತ್ತೇ? ‘ಥೈರಾಯ್ಡ್ ಇತ್ತು’ ಎಂಬ ಉತ್ತರ ಸಾಲದು. ಮಾತ್ರೆ ನುಂಗುತ್ತಿದ್ದರೋ, ಆಪರೇಷನ್ ಆಗಿತ್ತೋ, ರೇಡಿಯೋ ಅಯೋಡಿನ್ ಕುಡಿಸಿದ್ದರೋ ಎಂದು ಕೆದಕಿ ಕೇಳಿ. ಮೆಡುಲ್ಲರಿ ಎಂಬ ಜಾತಿ ರೆಟ್ ವಂಶವಾಹಿಯ ಮೂಲಕ ಮನೆತನದಲ್ಲೇ ಇಳಿದು ಬರಬಹುದು. ಆ ಬದಲಾವಣೆ ಇದೆ ಎಂದು ಗೊತ್ತಾದ ಮನೆಯಲ್ಲಿ ಗಂಟು ಮೂಡುವವರೆಗೆ ಕಾಯುವುದಿಲ್ಲ. ಅತಿ ಅಪಾಯದ ಬಗೆಯಲ್ಲಿ ಮಗುವಿಗೆ ವರ್ಷ ತುಂಬುವುದರೊಳಗೆ, ಅದರ ಕೆಳಗಿನ ಬಗೆಯಲ್ಲಿ 5 ವರ್ಷದೊಳಗೆ ಥೈರಾಯ್ಡ್ ತೆಗೆಯುತ್ತಾರೆ. ಅತಿ ಅಪಾಯದ ಮಕ್ಕಳಲ್ಲಿ ಕೆಲವರಿಗೆ ಅತ್ತರೆ ಕಣ್ಣೀರು ಬರುವುದಿಲ್ಲ, ತುಟಿ ಮತ್ತು ನಾಲಿಗೆಯ ಮೇಲೆ ಸಣ್ಣ ಗುಬಟುಗಳಿರುತ್ತವೆ. ಎಳೆಗೂಸಿನ ಒಣ ಅಳುವನ್ನು ಗಮನಿಸಿದ ತಾಯಿ ಅದನ್ನು ಹೇಳಲೇಬೇಕು, ಕೇಳುವವರು ಕಡಿಮೆ.

ಇನ್ನು ಕೆಲವು ಸುಳಿವುಗಳಿಗೂ ಕತ್ತಿಗೂ ಸಂಬಂಧವೇ ಇಲ್ಲದಂತೆ ತೋರುತ್ತದೆ. ವಯಸ್ಸಿಗೆ ಮೀರಿ ದೊಡ್ಡ ತಲೆ ಪಿಟೆನ್ ವಂಶವಾಹಿಯ ದೋಷದ ಸುಳಿವು. ಮನೆಯವರಿಗೆ ಚಿಕ್ಕ ವಯಸ್ಸಿನಲ್ಲೇ ದೊಡ್ಡ ಕರುಳಿನ ತುಂಬ ಪಾಲಿಪ್‌ಗಳಿದ್ದರೆ ಎಪಿಸಿ ದೋಷವನ್ನು ನೆನೆಯಬೇಕು. ಎರಡೂ ಕಡೆ ಹಲವು ಗಂಟುಗಳಿರುವ ಮಗುವಿನ ಮನೆಯಲ್ಲಿ ಎಳವೆಯ ಶ್ವಾಸಕೋಶದ ಗಡ್ಡೆಯೋ ಹುಡುಗಿಯರ ಅಂಡಾಶಯದ ಗಡ್ಡೆಯೋ ಕಂಡಿದ್ದರೆ ಡೈಸರ್1 ದೋಷವನ್ನು ಹುಡುಕಬೇಕು.

ಚಿಕ್ಕ ಮಕ್ಕಳಲ್ಲಿ ಗಂಡೋ ಹೆಣ್ಣೋ ಎಂಬುದರಿಂದ ಹೆಚ್ಚು ತಿಳಿಯದು. ಮೈನೆರೆಯುವ ಮುಂಚೆ ಥೈರಾಯ್ಡ್ ಕ್ಯಾನ್ಸರ್ ಇಬ್ಬರಲ್ಲೂ ಹೆಚ್ಚುಕಡಿಮೆ ಸಮ, ನೆರೆದ ಮೇಲೆ ಹುಡುಗಿಯರಲ್ಲಿ ಬಹಳ ಹೆಚ್ಚು.

ಹಂತ 3: ರಕ್ತಪರೀಕ್ಷೆ

ಟಿಎಸ್‌ಎಚ್ ಮತ್ತು ಫ್ರೀ ಟಿ4, ಅಂದರೆ ಥೈರಾಯ್ಡ್ ಕೆಲಸವನ್ನು ತಿಳಿಸುವ ಎರಡು ಹಾರ್ಮೋನ್ ಅಳತೆ, ಸಾಕು. ಕೂದಲಿಗೆ, ಉಗುರಿಗೆಂದು ಬಯೋಟಿನ್ ಇರುವ ವಿಟಮಿನ್ ಕೊಡುತ್ತಿದ್ದರೆ ಎರಡು ದಿನ ಮೊದಲೇ ನಿಲ್ಲಿಸಿ, ಅದು ಕೆಲವು ಯಂತ್ರಗಳ ಲೆಕ್ಕ ತಪ್ಪಿಸುತ್ತದೆ.

ಟಿಎಸ್‌ಎಚ್ ಬಹಳ ಕೆಳಗಿದ್ದರೆ ಗಂಟೇ ಹಾರ್ಮೋನ್ ಸುರಿಸುತ್ತಿರಬಹುದು. ಆಗ ಮುಂದಿನ ಹೆಜ್ಜೆ ಸೂಜಿಯಲ್ಲ, ನ್ಯೂಕ್ಲಿಯರ್ ಸ್ಕ್ಯಾನ್. ಅದಕ್ಕೆ ಸಾಮಾನ್ಯವಾಗಿ ಮೈಸೂರು, ಮಂಗಳೂರು ಅಥವಾ ಬೆಂಗಳೂರಿಗೆ ಹೋಗಬೇಕು. ಆ ಗಂಟು ‘ಹಾಟ್’, ಅಂದರೆ ತಾನೇ ಹಾರ್ಮೋನ್ ಸುರಿಸುವಂಥದ್ದು, ಎಂದು ಖಚಿತವಾದರೆ ಮಕ್ಕಳಲ್ಲಿ ಹೆಚ್ಚಾಗಿ ಆ ಪಕ್ಕದ ಭಾಗವನ್ನು ಆಪರೇಷನ್ ಮಾಡಿ ತೆಗೆಯುತ್ತಾರೆ. ಟಿಎಸ್‌ಎಚ್ ನಾರ್ಮಲ್ ಅಥವಾ ಹೆಚ್ಚಿದ್ದರೆ ನ್ಯೂಕ್ಲಿಯರ್ ಸ್ಕ್ಯಾನ್‌ನಿಂದ ಲಾಭವಿಲ್ಲ.

ಇಲ್ಲೇ ಹೆಚ್ಚು ಜನ ಜಾರುವುದು: ‘ಬ್ಲಡ್ ಟೆಸ್ಟ್ ನಾರ್ಮಲ್ ಬಂತು, ಏನೂ ಇಲ್ಲ.’ ಥೈರಾಯ್ಡ್ ಕ್ಯಾನ್ಸರ್ ಇರುವ ಹೆಚ್ಚಿನ ಮಕ್ಕಳ ಟಿಎಸ್‌ಎಚ್ ನಾರ್ಮಲ್ಲೇ ಇರುತ್ತದೆ. ಗ್ರಂಥಿ ಕೆಲಸ ಮಾಡುತ್ತಿದೆಯೇ ಅನ್ನುವುದಷ್ಟೇ ರಕ್ತಪರೀಕ್ಷೆಗೆ ಗೊತ್ತು, ಗಂಟಿನೊಳಗೆ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ. ಥೈರಾಯ್ಡ್ ಕೋಶಗಳೇ ತಯಾರಿಸುವ ಥೈರೋಗ್ಲಾಬ್ಯುಲಿನ್ ಎಂಬ ಪ್ರೋಟೀನಿನ ಪರೀಕ್ಷೆ ಈ ಹಂತದಲ್ಲಿ ದುಡ್ಡಿಗೆ ದಂಡ. ಮೆಡುಲ್ಲರಿಯ ಸುಳಿವು ಕೊಡುವ ಕ್ಯಾಲ್ಸಿಟೋನಿನ್ ಪರೀಕ್ಷೆ ಎಲ್ಲರಿಗೂ ಬೇಡ. ಮೆಡುಲ್ಲರಿಯ ಮನೆತನವಿದ್ದರೆ ಅಥವಾ ಸೂಜಿ ಪರೀಕ್ಷೆಯಲ್ಲಿ ಅದರ ಅನುಮಾನ ಬಂದರೆ ಮಾಡಿಸಬೇಕು.

ಮಾತ್ರೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಟಿಎಸ್‌ಎಚ್ ನಾರ್ಮಲ್ ಇರುವ ಮಗುವಿಗೆ ‘ಆರು ತಿಂಗಳು ಥೈರಾಕ್ಸಿನ್ ಕೊಟ್ಟು ನೋಡೋಣ, ಕರಗಿದರೆ ಕರಗಲಿ’ ಎಂಬ ಪದ್ಧತಿ ಇನ್ನೂ ಉಳಿದುಕೊಂಡಿದೆ. ಸಾಧು, ಅಂದರೆ ಕ್ಯಾನ್ಸರ್ ಅಲ್ಲದ, ಗಂಟು ಮಾತ್ರೆಯಿಂದ ಒಂದಿಷ್ಟು ಕುಗ್ಗಬಹುದು ನಿಜ, ಆದರೆ ಕುಗ್ಗುವುದೂ ಕುಗ್ಗದಿರುವುದೂ ಕ್ಯಾನ್ಸರ್ ಹೌದೋ ಅಲ್ಲವೋ ಎಂದು ಹೇಳುವುದಿಲ್ಲ. ಸ್ಕ್ಯಾನ್, ಸೂಜಿಯ ಜಾಗದಲ್ಲಿ ಮಾತ್ರೆಯನ್ನು ಕೂರಿಸಬಾರದು.

ಹಂತ 4: ಅಲ್ಟ್ರಾಸೌಂಡ್, ಅಂದರೆ ಕತ್ತಿನ ಸ್ಕ್ಯಾನಿಂಗ್

ಇಡೀ ತೀರ್ಮಾನ ನಿಂತಿರುವುದು ಇದರ ಮೇಲೆ. ಚೀಟಿಯಲ್ಲಿ ಬರೀ ‘ಥೈರಾಯ್ಡ್ ಸ್ಕ್ಯಾನ್’ ಎಂದಿದ್ದರೆ ಥೈರಾಯ್ಡ್ ಒಂದನ್ನೇ ನೋಡಿ ಕಳಿಸುವುದುಂಟು. ‘ಥೈರಾಯ್ಡ್ ಮತ್ತು ಕತ್ತಿನ ಎರಡೂ ಕಡೆಯ ದುಗ್ಧಗ್ರಂಥಿಗಳು’ ಎಂದು ಬರೆಸಿಕೊಳ್ಳಿ. ಪ್ಯಾಪಿಲ್ಲರಿ ಕ್ಯಾನ್ಸರ್ ಪತ್ತೆಯಾಗುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಅದು ಕತ್ತಿನ ಗ್ರಂಥಿಗಳನ್ನು ಮುಟ್ಟಿರುತ್ತದೆ. ಗಂಟಿಗಿಂತ ಗ್ರಂಥಿಯೇ ಸತ್ಯ ನುಡಿಯುವುದುಂಟು.

ರಿಪೋರ್ಟ್ ಓದುವುದು ಹೇಗೆ ಎಂದು ಒಂದು ಮಾದರಿ ಇಟ್ಟುಕೊಂಡು ನೋಡೋಣ. 12 ವರ್ಷದ ಹುಡುಗಿ. ರಿಪೋರ್ಟ್‌ನಲ್ಲಿ ಹೀಗಿದೆ ಅಂದುಕೊಳ್ಳಿ: ‘ರೈಟ್ ಲೋಬ್, 14 × 9 × 12 ಮಿ.ಮೀ., ಸಾಲಿಡ್, ಹೈಪೋಎಕೋಯಿಕ್ ನಾಡ್ಯೂಲ್, ಸ್ಮೂತ್ ಮಾರ್ಜಿನ್, ನೋ ಕ್ಯಾಲ್ಸಿಫಿಕೇಷನ್. ಟೈ-ರಾಡ್ಸ್ 4. ಸಜೆಸ್ಟೆಡ್ ಫಾಲೋಅಪ್.’

ಟೈ-ರಾಡ್ಸ್ ಎಂದರೆ ಚಿತ್ರಕ್ಕೆ ಅಂಕ ಹಾಕುವ ಪದ್ಧತಿ. ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ 2017ರಲ್ಲಿ ಕೊಟ್ಟ ಪಟ್ಟಿಯ ಪ್ರಕಾರ ಗಂಟು ಘನವಾಗಿದ್ದರೆ 2 ಅಂಕ, ಸುತ್ತಲಿನ ಗ್ರಂಥಿಗಿಂತ ಕಪ್ಪಾಗಿದ್ದರೆ 2. ಒಟ್ಟು 4 ಆಯಿತು. 4ರಿಂದ 6 ಅಂಕಕ್ಕೆ 4ನೇ ದರ್ಜೆ. ಆ ದರ್ಜೆಗೆ 1.5 ಸೆಂ.ಮೀ. ದಾಟಿದರೆ ಮಾತ್ರ ಸೂಜಿ, 1 ಸೆಂ.ಮೀ. ಮೇಲಿದ್ದರೆ ವರ್ಷ ಬಿಟ್ಟು ಮತ್ತೆ ಸ್ಕ್ಯಾನ್. ನಮ್ಮ ಹುಡುಗಿಯ ಗಂಟು 1.4 ಸೆಂ.ಮೀ. ಒಂದೇ ಮಿಲಿಮೀಟರ್ ಕಡಿಮೆ, ಹಾಗಾಗಿ ‘ಫಾಲೋಅಪ್’. ದೊಡ್ಡವರಲ್ಲಿ ಇದು ಒಪ್ಪುವ ಮಾತು. ಮಗುವಿಗೆ ಒಪ್ಪುವುದಿಲ್ಲ. ಮಗುವಿನ ಥೈರಾಯ್ಡ್ ಚಿಕ್ಕದು, ವಯಸ್ಸಿನೊಂದಿಗೆ ಬೆಳೆಯುವಂಥದ್ದು; 6 ವರ್ಷದವಳ ಗ್ರಂಥಿಯಲ್ಲಿ 1.4 ಸೆಂ.ಮೀ. ಗಂಟು ಹೆಚ್ಚುಕಡಿಮೆ ಒಂದು ಪಕ್ಕವನ್ನೇ ತುಂಬಿಬಿಡುತ್ತದೆ. ಈ ಗಾತ್ರದ ಮಿತಿಗಳನ್ನು ಮಕ್ಕಳಿಗೆ ಹಾಗೇ ಹಾಕಿ ನೋಡಿದಾಗ ಸುಮಾರು ಐದರಲ್ಲಿ ಒಂದು ಕ್ಯಾನ್ಸರ್ ಮೊದಲ ಸಲಕ್ಕೆ ಕೈತಪ್ಪುತ್ತದೆ ಎಂದು ಕಂಡಿದೆ. ಅಂಕಗಳನ್ನು ಇಟ್ಟುಕೊಳ್ಳಿ, ಅವು ಉಪಯುಕ್ತ. ಸೆಂಟಿಮೀಟರಿನ ಬೇಲಿಯನ್ನು ಮಾತ್ರ ಕಿತ್ತುಹಾಕಿ. ಈ ಹುಡುಗಿಗೆ ಈಗಲೇ ಸೂಜಿ ಪರೀಕ್ಷೆ ಬೇಕು.

ಅದೇ ರಿಪೋರ್ಟ್‌ನಲ್ಲಿ ಇನ್ನೊಂದು ಕೊರತೆ ಇದೆ, ಮತ್ತೊಮ್ಮೆ ಓದಿ. ದುಗ್ಧಗ್ರಂಥಿಗಳ ಬಗ್ಗೆ ಒಂದು ಸಾಲೂ ಇಲ್ಲ. ‘ಇಲ್ಲ’ ಎಂದು ಬರೆದಿಲ್ಲ, ನೋಡಿದ್ದಾರೋ ಇಲ್ಲವೋ ಅದೂ ತಿಳಿಯದು. ವಾಪಸ್ ಹೋಗಿ ಕೇಳಬೇಕಾದದ್ದು ಇದನ್ನೇ. ಕೇಳಿದರೆ ಬೇಸರ ಮಾಡಿಕೊಂಡಾರು ಎಂಬ ಹಿಂಜರಿಕೆ ಬೇಡ.

ಚಿತ್ರದಲ್ಲಿ ಭಯ ಹುಟ್ಟಿಸಬೇಕಾದ ಗುರುತುಗಳು: ಮರಳು ಎರಚಿದಂಥ ಸಣ್ಣ ಬಿಳಿ ಚುಕ್ಕೆಗಳು, ಒರಟು ಅಥವಾ ಹಲ್ಲುಹಲ್ಲಾದ ಅಂಚು, ಅಗಲಕ್ಕಿಂತ ಎತ್ತರ ಹೆಚ್ಚಿರುವ ಆಕಾರ, ಗ್ರಂಥಿಯ ಗೋಡೆ ದಾಟಿ ಹೊರಚಾಚಿದ್ದು, ಘನವಾಗಿದ್ದು ಕಪ್ಪಾಗಿರುವುದು. ದುಗ್ಧಗ್ರಂಥಿ ಚಪ್ಪಟೆ ಹುರುಳಿಕಾಳಿನಂತಿರುವ ಬದಲು ದುಂಡಗಿದ್ದರೆ, ನಡುವಿನ ಬಿಳಿ ಗೆರೆ ಅಳಿಸಿದ್ದರೆ, ಒಳಗೆ ಚುಕ್ಕೆಗಳೋ ನೀರೋ ಇದ್ದರೆ ಅನುಮಾನ ಗಟ್ಟಿ. ಪೂರ್ತಿ ನೀರು ತುಂಬಿದ ಗುಳ್ಳೆ, ಸ್ಪಂಜಿನಂತೆ ತೂತುತೂತಾದ ಗಂಟು ಇವು ಸೌಮ್ಯ, ಕಾಯಬಹುದು. 1 ಸೆಂ.ಮೀ.ಗಿಂತ ಚಿಕ್ಕದಾಗಿದ್ದು ಚಿತ್ರವೂ ಸೌಮ್ಯವಾಗಿದ್ದರೆ ಅದಕ್ಕೂ ಹಾಗೇ. ಚಿಕ್ಕದಾದರೂ ಈ ಗುರುತುಗಳಿದ್ದರೆ ಕಾಯುವಂತಿಲ್ಲ. ಇಡೀ ಗ್ರಂಥಿಯಲ್ಲಿ ಹಿಮ ಉದುರಿದಂತೆ ಚುಕ್ಕೆಗಳು ಹರಡಿದ್ದು, ಗಂಟು ಮಾತ್ರ ಎಲ್ಲೂ ಇಲ್ಲ ಎಂದಾದರೆ ಅದೇ ಮೊದಲು ಹೇಳಿದ ಹಬ್ಬುವ ಬಗೆ. ‘ನೋ ನಾಡ್ಯೂಲ್’ ಎಂಬ ಎರಡು ಪದ ಓದಿ ಮನೆಗೆ ಬಂದುಬಿಡಬೇಡಿ.

ಇದಕ್ಕೆ ಉಲ್ಟಾ ಮೋಸವೂ ಒಂದಿದೆ. ಎಳೆಯ ಮಕ್ಕಳಲ್ಲಿ ಥೈಮಸ್ ಎಂಬ ಎದೆಯ ಗ್ರಂಥಿಯ ಚೂರು ಥೈರಾಯ್ಡ್‌ನೊಳಗೆ ಸಿಕ್ಕಿಕೊಂಡಿರುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚುಕ್ಕೆಗಳು, ನೋಡಿದರೆ ಕ್ಯಾನ್ಸರ್‌ನಂತೆಯೇ. ಅದರ ಜಾಡು ಹಿಡಿಯುವುದು ಹೀಗೆ: ಹೆಚ್ಚಾಗಿ ಗ್ರಂಥಿಯ ಕೆಳಭಾಗದಲ್ಲಿ ಇಲ್ಲವೇ ಹಿಂಭಾಗದಲ್ಲಿ ಇರುತ್ತದೆ, ಗೋಲಿಯಂತೆ ದುಂಡಗಿರದೆ ಕದಿರಿನಂತೆ ಅಥವಾ ಮೂಲೆಮೂಲೆಯಾಗಿ ಇರುತ್ತದೆ, ಸುತ್ತಲಿನದನ್ನು ತಳ್ಳುವುದಿಲ್ಲ. ಸ್ಕ್ಯಾನ್ ಯಂತ್ರದ ಪ್ರೋಬನ್ನು ಎದೆಗೂಡಿನ ಮೇಲಂಚಿಗೆ ಇಳಿಸಿ ಅಸಲಿ ಥೈಮಸ್ ನೋಡಿದರೆ ಎರಡರ ನೇಯ್ಗೆಯೂ ಒಂದೇ. ಹಾಗಿದ್ದಲ್ಲಿ ಸೂಜಿ ಬೇಡ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡಿದರಾಯಿತು. ಮಕ್ಕಳ ಸ್ಕ್ಯಾನ್ ಹೆಚ್ಚಾಗಿ ಮಾಡುವ ರೇಡಿಯಾಲಜಿಸ್ಟ್ ಬೇಕು ಎಂದು ಒತ್ತಿ ಹೇಳುವುದು ಇಂಥವಕ್ಕೇ.

ಸಿಟಿ ಸ್ಕ್ಯಾನ್ ಮೊದಲಿಗೇ ಬೇಡ. ಕಾಂಟ್ರಾಸ್ಟ್ ಔಷಧದಲ್ಲಿ ಅಯೋಡಿನ್ ತುಂಬಿರುತ್ತದೆ. ಮುಂದೆ ರೇಡಿಯೋ ಅಯೋಡಿನ್ ಚಿಕಿತ್ಸೆ ಬೇಕಾದರೆ ಅದು ದೇಹದಿಂದ ಇಳಿಯುವ ತನಕ ಕಾಯಬೇಕಾಗುತ್ತದೆ. ಮಗುವಿಗೆ ವಿಕಿರಣವೂ ವೃಥಾ. ಕಾಯಿಲೆ ಬಹಳ ಹರಡಿದ್ದರೆ ಸರ್ಜನ್ ತಾವೇ ಯೋಚಿಸಿ ಬರೆಯುತ್ತಾರೆ.

ನಮ್ಮ ಕಡೆಯ ಇನ್ನೊಂದು ತೊಡಕು ಕ್ಷಯ. ಕತ್ತಿನಲ್ಲಿ ಗ್ರಂಥಿ ಊದಿದೆ ಎಂದ ಕೂಡಲೇ ‘ಟಿಬಿ ಗಂಟು’ ಎನ್ನುವುದು ವಾಡಿಕೆ, ಎಷ್ಟೋ ಸಲ ಅದು ಸರಿಯೂ ಹೌದು. ಆದರೆ ಗ್ರಂಥಿಯಿಂದ ಸೂಜಿಯಲ್ಲಿ ದ್ರವ ತೆಗೆಯದೆ, ಟಿಬಿ ಪತ್ತೆಯ ಸಿಬಿನ್ಯಾಟ್ ಪರೀಕ್ಷೆ ಮಾಡಿಸದೆ, ಥೈರಾಯ್ಡ್ ಕಡೆ ಒಮ್ಮೆಯೂ ಪ್ರೋಬ್ ಇಡದೆ ಆರು ತಿಂಗಳ ಟಿಬಿ ಔಷಧ ಶುರು ಮಾಡಬಾರದು. ಪ್ಯಾಪಿಲ್ಲರಿ ಕ್ಯಾನ್ಸರ್ ಸೇರಿದ ಗ್ರಂಥಿಯೂ ನೀರು ತುಂಬಿಕೊಂಡು ಟಿಬಿಯ ವೇಷ ಹಾಕುತ್ತದೆ. ಅನುಮಾನವಿದ್ದರೆ ಅದೇ ಸೂಜಿಯನ್ನು ಸಲೈನ್‌ನಲ್ಲಿ ತೊಳೆದು ಆ ನೀರಿನಲ್ಲಿ ಥೈರೋಗ್ಲಾಬ್ಯುಲಿನ್ ಅಳೆಯಬಹುದು; ಪಕ್ಕದ ದುಗ್ಧಗ್ರಂಥಿಯಲ್ಲಿ ಅದು ಹೇರಳವಾಗಿ ಸಿಕ್ಕರೆ ಥೈರಾಯ್ಡ್ ಜೀವಕೋಶ ಅಲ್ಲಿ ಮನೆ ಮಾಡಿದೆ ಎಂದೇ ಅರ್ಥ.

ಹಂತ 5: ಸೂಜಿ ಪರೀಕ್ಷೆ

ಎಫ್‌ಎನ್‌ಎಸಿ ಎಂದು ಚೀಟಿಯಲ್ಲಿರುತ್ತದೆ. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೆರಳಿ ಹರಡುತ್ತದೆ’ ಎಂಬ ಭಯವೇ ಇದಕ್ಕೆ ದೊಡ್ಡ ಅಡ್ಡಿ. ಥೈರಾಯ್ಡ್‌ಗೆ ಬಳಸುವುದು 23ರಿಂದ 27 ಗೇಜಿನ ಸೂಜಿ, ಲಸಿಕೆ ಹಾಕುವ ಸೂಜಿಯಷ್ಟೇ ಸಣ್ಣದು. ಅದರ ದಾರಿಯಲ್ಲಿ ಕಾಯಿಲೆ ಹರಡುವುದು ಅತ್ಯಂತ ವಿರಳ. ಪರೀಕ್ಷೆ ಮಾಡಿಸದೆ ಉಳಿದರೆ ಆಗುವ ನಷ್ಟದ ಮುಂದೆ ಅದು ಲೆಕ್ಕಕ್ಕಿಲ್ಲ.

ಮಕ್ಕಳಿಗೆ ಸ್ಕ್ಯಾನ್ ನೋಡಿಕೊಂಡೇ ಸೂಜಿ ಹಾಕಬೇಕು, ಕೈಯಲ್ಲಿ ಮುಟ್ಟಿಕೊಂಡು ಹಾಕುವುದಲ್ಲ. ಅರ್ಧ ನೀರು, ಅರ್ಧ ಘನ ಇರುವ ಗಂಟಿನಲ್ಲಿ ಅಂದಾಜಿನ ಮೇಲೆ ಹಾಕಿದರೆ ಬರೀ ನೀರು ಬರುತ್ತದೆ; ಸುಳಿವು ಇರುವುದು ಘನ ಭಾಗದ ಗೋಡೆಯಲ್ಲಿ. ಮರಗಟ್ಟಿಸುವ ಮುಲಾಮನ್ನು ಸುಮಾರು ಒಂದು ಗಂಟೆ ಮೊದಲೇ ಹಚ್ಚಿ ಪ್ಲಾಸ್ಟಿಕ್ ಪಟ್ಟಿ ಮುಚ್ಚಬೇಕು. ಐದು ನಿಮಿಷ ಮುಂಚೆ ಹಚ್ಚಿದರೆ ಚರ್ಮ ಮರಗಟ್ಟುವುದಿಲ್ಲ, ಮಗು ಕೊಸರುತ್ತದೆ, ಸೂಜಿ ಅತ್ತಿತ್ತ ಸರಿದು ರಕ್ತ ಬೆರೆಯುತ್ತದೆ. ಹತ್ತು ಹನ್ನೆರಡು ದಾಟಿದ ಹೆಚ್ಚಿನ ಮಕ್ಕಳು ವಿವರಿಸಿ ಹೇಳಿದರೆ ಅಲುಗದೆ ಮಲಗುತ್ತಾರೆ. ಚಿಕ್ಕವರಿಗೆ ಮಂಪರು ಕೊಡಬೇಕಾಗುತ್ತದೆ. ಹಾಗಿದ್ದರೆ ಊಟ, ಹಾಲು 6 ಗಂಟೆ ಮೊದಲೇ ನಿಲ್ಲಬೇಕು, ಬರೀ ನೀರನ್ನು 2 ಗಂಟೆ ಮೊದಲಿನ ತನಕ ಕೊಡಬಹುದು. ಬಸ್ಸಿನಲ್ಲಿ ಬರುವಾಗ ಬಿಸ್ಕತ್ತು ತಿನ್ನಿಸಿ ಕರೆತಂದರೆ ಅವತ್ತಿನ ಪಾಳಿ ಹೋದಂತೆ.

ಸೂಜಿಯನ್ನು ಎರಡರಿಂದ ನಾಲ್ಕು ಸಲ ಹಾಕುತ್ತಾರೆ. ಹಿಂಡಿ ತೆಗೆದದ್ದನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಕೆಲವನ್ನು ಗಾಳಿಗೆ ಒಣಗಿಸುತ್ತಾರೆ, ಕೆಲವನ್ನು ತಕ್ಷಣ 95% ಆಲ್ಕೋಹಾಲ್‌ಗೆ ಇಳಿಸುತ್ತಾರೆ. ಆಲ್ಕೋಹಾಲ್‌ಗೆ ಇಳಿಸುವುದು ಅರೆನಿಮಿಷ ತಡವಾದರೂ ಜೀವಕೋಶ ಒಣಗಿ ಉಬ್ಬಿ ಒಳಗಿನ ಗುರುತು ಅಳಿಸಿಹೋಗುತ್ತದೆ. ದಪ್ಪಗೆ ಸವರಿದರೆ ಕೋಶದ ಮೇಲೆ ಕೋಶ ಕೂತು ಏನೂ ಕಾಣದು. ಓದಲು ಯೋಗ್ಯ ಎನ್ನಬೇಕಾದರೆ ತಲಾ 10 ಕೋಶಗಳಿರುವ ಕನಿಷ್ಠ 6 ಗುಂಪುಗಳು ಸಿಗಬೇಕು. ಪೆಥಾಲಜಿಯವರು ಪಕ್ಕದಲ್ಲೇ ನಿಂತು ಒಂದು ಸ್ಲೈಡ್ ನೋಡಿ ‘ಸಾಕು’ ಎನ್ನುವ ವ್ಯವಸ್ಥೆ ಇರುವ ಕಡೆ ಮಾಡಿಸಿದರೆ ಎರಡನೇ ಪ್ರಯಾಣ ತಪ್ಪುತ್ತದೆ.

ಆಮೇಲೆ ಹತ್ತು ನಿಮಿಷ ಹತ್ತಿ ಒತ್ತಿ ಹಿಡಿದು, ಅರ್ಧ ಗಂಟೆ ಅಲ್ಲೇ ಕೂರಿಸಿ. ಕತ್ತು ದಪ್ಪವಾಗುತ್ತ ಬಂದರೆ ತಕ್ಷಣ ಕರೆಯಿರಿ. ಮಗುವಿಗೆ ಐಬುಪ್ರೊಫೆನ್ ಅಥವಾ ಆಸ್ಪಿರಿನ್ ಕೊಡುತ್ತಿದ್ದರೆ ಮೊದಲೇ ತಿಳಿಸಿರಬೇಕು. ದುಗ್ಧಗ್ರಂಥಿಗಳ ಸ್ಕ್ಯಾನ್ ಬಾಕಿ ಇದ್ದರೆ ಅದನ್ನು ಸೂಜಿಗೆ ಮುಂಚೆಯೇ ಮುಗಿಸಿ, ಸೂಜಿಯ ನಂತರ ಒಳಗಿನ ರಕ್ತದ ಕಲೆ ಚಿತ್ರ ಕೆಡಿಸುತ್ತದೆ.

ಹಂತ 6: ಬೆಥೆಸ್ಡಾ ಅಂಕೆಯನ್ನು ಓದುವುದು

ರಿಪೋರ್ಟ್‌ನ ಕೊನೆಗೆ 1ರಿಂದ 6ರವರೆಗಿನ ಒಂದು ಬೆಥೆಸ್ಡಾ ದರ್ಜೆ ಇರುತ್ತದೆ. ಇದನ್ನು ಟೈ-ರಾಡ್ಸ್ ಅಂಕೆಯೊಂದಿಗೆ ಬೆರೆಸಬೇಡಿ. ಅದು ಚಿತ್ರದ್ದು, ಇದು ಕೋಶದ್ದು. 2023ರ ಪರಿಷ್ಕೃತ ಬೆಥೆಸ್ಡಾ ಮಕ್ಕಳಿಗೆ ಬೇರೆಯೇ ಅಂಕಿಗಳನ್ನು ಕೊಟ್ಟಿದೆ. ಕ್ಯಾನ್ಸರ್ ಆಗಿರುವ ಸರಾಸರಿ ಸಾಧ್ಯತೆ ಹೀಗಿದೆ:

1, ಓದಲು ಸಾಲದ ಮಾದರಿ: 14%
2, ಸಾಧು: 6%
3, ಅರ್ಥ ಸ್ಪಷ್ಟವಾಗದ ಕೋಶ ಬದಲಾವಣೆ: 28%
4, ಫಾಲಿಕ್ಯುಲರ್ ಗಡ್ಡೆ: 50%
5, ಕ್ಯಾನ್ಸರ್ ಅನುಮಾನ: 81%
6, ಕ್ಯಾನ್ಸರ್: 98%

4ನೇ ದರ್ಜೆಯನ್ನು ನೋಡಿ. ದೊಡ್ಡವರಲ್ಲಿ ಅದೇ ದರ್ಜೆಗೆ 30%, ಮಗುವಿಗೆ 50%. ಅದೇ ಕಾಗದ, ಅದೇ ಪದ, ತೂಕ ಬೇರೆ.

1 ಬಂದರೆ ‘ಏನೂ ಸಿಗಲಿಲ್ಲ’ ಎಂಬುದು ‘ಏನೂ ಇಲ್ಲ’ ಎಂದಾಗುವುದಿಲ್ಲ. ಮೂರು ತಿಂಗಳಾದರೂ ಬಿಟ್ಟು ಮತ್ತೆ ಸೂಜಿ. ತೀರ ಬೇಗ ಹಾಕಿದರೆ ಹಿಂದಿನ ಚುಚ್ಚಿನ ಗಾಯ ಮಾಯುವಾಗಿನ ಕೋಶಗಳೇ ವಿಚಿತ್ರವಾಗಿ ಕಂಡು ದಾರಿ ತಪ್ಪಿಸುತ್ತವೆ.

3 ಮತ್ತು 4ರಲ್ಲಿ ಮಕ್ಕಳ ದಾರಿ ದೊಡ್ಡವರಿಗಿಂತ ಬೇರೆ. ದೊಡ್ಡವರಿಗೆ 3 ಬಂದರೆ ಮತ್ತೆ ಮತ್ತೆ ಸೂಜಿ ಹಾಕಿ ನೋಡುವುದುಂಟು. ಮಕ್ಕಳಿಗೆ 2015ರ ಮಾರ್ಗಸೂಚಿ ಗಂಟಿರುವ ಪಕ್ಕದ ಭಾಗವನ್ನಷ್ಟೇ ತೆಗೆದು ಪರೀಕ್ಷಿಸುವುದರ ಕಡೆ ವಾಲಿದೆ. ಕಾರಣ ಸರಳ: ಫಾಲಿಕ್ಯುಲರ್ ಗಡ್ಡೆ ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದು ಅದು ತನ್ನ ಸಿಪ್ಪೆಯನ್ನು, ರಕ್ತನಾಳವನ್ನು ತೂರಿದೆಯೇ ಎಂಬುದರ ಮೇಲೆ ನಿಂತಿದೆ. ಬಿಡಿ ಕೋಶ ನೋಡಿ ಅದನ್ನು ಹೇಳಲಾಗದು, ಇಡೀ ಗಂಟು ಬೇಕು. ಈಗ 3 ಬಂದಾಗ ಚಿತ್ರ ಸೌಮ್ಯವಾಗಿದ್ದರೆ ಮತ್ತೊಮ್ಮೆ ಸೂಜಿ, ಜೊತೆಗೆ ವಂಶವಾಹಿ ಪರೀಕ್ಷೆ ಮಾಡುವವರೂ ಇದ್ದಾರೆ. ಬಿರಾಫ್ ವಿ600ಇ ಬದಲಾವಣೆಯೋ ರೆಟ್ ಅಥವಾ ಎನ್‌ಟಿಆರ್‌ಕೆ ಬೆಸುಗೆಯೋ ಸಿಕ್ಕರೆ ಕ್ಯಾನ್ಸರ್ ಬಹುತೇಕ ಖಚಿತ. ಸಿಗದಿದ್ದರೆ ಅದು ಬಿಡುಗಡೆ ಪತ್ರವಲ್ಲ. ಪರೀಕ್ಷೆ ದುಬಾರಿ, ಆಪರೇಷನ್ ಹೇಗೂ ಆಗಲೇಬೇಕು ಎಂಬ ಸ್ಥಿತಿಯಲ್ಲಿ ಅದರ ಫಲಿತಾಂಶ ನಿರ್ಧಾರವನ್ನು ಬದಲಿಸುತ್ತದೆಯೇ ಎಂದು ಕೇಳಿ ಆಮೇಲೆ ದುಡ್ಡು ಕಟ್ಟಿ.

5 ಅಥವಾ 6 ಬಂದರೆ ಆಪರೇಷನ್. ಯಾರ ಕೈಯಲ್ಲಿ ಎಂಬುದು ಇಲ್ಲಿ ಗಂಟಿನಷ್ಟೇ ಮುಖ್ಯ. ವರ್ಷಕ್ಕೆ 30 ಅಥವಾ ಹೆಚ್ಚು ಇಂಥ ಕತ್ತಿನ ಗ್ರಂಥಿ ಆಪರೇಷನ್ ಮಾಡುವ ಸರ್ಜನ್ ಇರಬೇಕು ಎನ್ನುತ್ತದೆ ಮಾರ್ಗಸೂಚಿ. ದನಿಯ ನರ ಮತ್ತು ಕ್ಯಾಲ್ಸಿಯಂ ಕಾಯುವ ಕಾಳಿನಷ್ಟು ಚಿಕ್ಕ ಪ್ಯಾರಾಥೈರಾಯ್ಡ್‌ಗಳು ಅಲ್ಲೇ ಅಂಟಿಕೊಂಡಿರುತ್ತವೆ. ಮಗುವಿನಲ್ಲಿ ಅವು ಇನ್ನೂ ಸಣ್ಣವು. ‘ವರ್ಷಕ್ಕೆ ಎಷ್ಟು ಮಾಡ್ತೀರಿ ಸಾರ್’ ಎಂದು ಕೇಳುವುದು ಮರ್ಯಾದೆಗೇಡಲ್ಲ.

ಹಂತ 7: ‘ಸಾಧು’ ಎಂದು ಬಂದ ಮೇಲೆ

ಬೆಥೆಸ್ಡಾ 2 ಬಂದ ಮಗುವಿಗೆ 6ರಿಂದ 12 ತಿಂಗಳೊಳಗೆ ಮತ್ತೆ ಸ್ಕ್ಯಾನ್. ಆದಷ್ಟು ಅದೇ ಜಾಗದಲ್ಲಿ, ಹಳೆಯ ಚಿತ್ರ ಕೈಯಲ್ಲಿ ಹಿಡಿದು. ಉದ್ದವೊಂದನ್ನೇ ಹೋಲಿಸಿದರೆ ಬೆಳವಣಿಗೆ ಕಣ್ಣಿಗೆ ಬೀಳದು, ಗಾತ್ರ ಲೆಕ್ಕ ಹಾಕಬೇಕು. ಮೂರೂ ಅಳತೆಗಳನ್ನು ಗುಣಿಸಿ 0.52ರಿಂದ ಮತ್ತೆ ಗುಣಿಸಿ. 14 × 9 × 12 ಮಿ.ಮೀ. ಗಂಟು ಸುಮಾರು 0.79 ಮಿ.ಲೀ. ಆಗುತ್ತದೆ. ಆರು ತಿಂಗಳಿಗೆ ಅದು 17 × 11 × 14 ಆಯಿತು ಅನ್ನಿ. ‘ಎರಡು ಮೂರು ಮಿಲಿಮೀಟರ್ ತಾನೇ’ ಅನ್ನಿಸುತ್ತದೆ, ಆದರೆ ಗಾತ್ರ 1.36 ಮಿ.ಲೀ., ಅಂದರೆ 73% ಬೆಳೆದಿದೆ. ಗಾತ್ರ ಅರ್ಧಕ್ಕಿಂತ ಹೆಚ್ಚು ಬೆಳೆದರೆ ಅಥವಾ ಹೊಸದಾಗಿ ಚುಕ್ಕೆ, ಒರಟು ಅಂಚು, ಕೆಟ್ಟ ದುಗ್ಧಗ್ರಂಥಿ ಕಂಡರೆ ಮತ್ತೆ ಸೂಜಿ. ಸೂಜಿಯಲ್ಲಿ ಸಾಧು ಎಂದೇ ಬಂದಿದ್ದರೂ 4 ಸೆಂ.ಮೀ. ಮೀರಿದ ಘನ ಗಂಟನ್ನು ತೆಗೆಸುವ ಬಗ್ಗೆ ಸರ್ಜನ್ ಜೊತೆ ಮಾತಾಡಬೇಕು. ದೊಡ್ಡ ಗಂಟಿನಲ್ಲಿ ಸೂಜಿ ಮುಟ್ಟುವುದು ಒಂದು ಮೂಲೆಯನ್ನಷ್ಟೇ.

ಹಂತ 8: ಎಲ್ಲಿಗೆ, ಯಾವ ಕಾಗದ ಹಿಡಿದು

ಟಿಎಸ್‌ಎಚ್, ಸ್ಕ್ಯಾನ್, ಸೂಜಿ ಪರೀಕ್ಷೆಗೆ ಹಾಸನದಲ್ಲಿ ಹಿಮ್ಸ್ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆಯಿಂದ ಶುರು ಮಾಡಬಹುದು. ಶಾಲೆಯಲ್ಲಿ ಆರ್‌ಬಿಎಸ್‌ಕೆ ತಂಡ ಗುರುತಿಸಿದ್ದರೆ ಅವರ ಚೀಟಿಯನ್ನು ಕಳೆದುಕೊಳ್ಳಬೇಡಿ. 18 ವರ್ಷದವರೆಗಿನ ಮಕ್ಕಳ ತಪಾಸಣೆಯ ಆ ಪಟ್ಟಿಯಲ್ಲಿ ಗಳಗಂಡವೂ ಸೇರಿದೆ. ಬೆಥೆಸ್ಡಾ 3 ಅಥವಾ ಅದಕ್ಕಿಂತ ಮೇಲೆ ಬಂದರೆ ಮಕ್ಕಳ ಹಾರ್ಮೋನ್ ತಜ್ಞರು, ಅನುಭವಿ ಥೈರಾಯ್ಡ್ ಸರ್ಜನ್, ನ್ಯೂಕ್ಲಿಯರ್ ಮೆಡಿಸಿನ್ ಮೂರೂ ಇರುವ ದೊಡ್ಡ ಊರಿನ ಆಸ್ಪತ್ರೆಗೆ ಹೋಗಿ. ಕ್ಯಾನ್ಸರ್ ಖಚಿತವಾದವರು ಬೆಂಗಳೂರಿನ ಕಿದ್ವಾಯಿಗೂ ಹೋಗುತ್ತಾರೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲು ಬೇಕು. ಬೆಂಗಳೂರಿಗೆ ಹೋಗಿ ನಿಂತ ಮೇಲೆ ಅದಕ್ಕಾಗಿ ವಾಪಸ್ ಬರುವುದು ಶೃಂಗೇರಿ, ಕೊಪ್ಪ ಕಡೆಯವರಿಗೆ ಎರಡು ದಿನದ ಕೂಲಿಯ ಮಾತು.

ಚೀಲದಲ್ಲಿ ಇರಬೇಕಾದದ್ದು: ಹಂತ 2ರ ಹಾಳೆ, ಎಲ್ಲ ಸ್ಕ್ಯಾನ್‌ಗಳ ರಿಪೋರ್ಟ್ ಮಾತ್ರವಲ್ಲ ಚಿತ್ರಗಳೂ, ರಕ್ತಪರೀಕ್ಷೆ, ರೇಷನ್ ಕಾರ್ಡ್, ಮಗುವಿನ ಮತ್ತು ಹೆತ್ತವರ ಆಧಾರ್, ರೆಫರಲ್ ಪತ್ರ. ಇವೆಲ್ಲಕ್ಕಿಂತ ಮುಖ್ಯವಾಗಿ, ಸೂಜಿ ಪರೀಕ್ಷೆಯ ಗಾಜಿನ ಸ್ಲೈಡ್‌ಗಳು. ರಿಪೋರ್ಟಿನ ಕಾಗದ ಒಂದನ್ನೇ ಒಯ್ದರೆ ದೊಡ್ಡ ಆಸ್ಪತ್ರೆಯವರು ಮತ್ತೆ ಸೂಜಿ ಹಾಕಬೇಕಾಗಬಹುದು. ಸ್ಲೈಡ್ ಇದ್ದರೆ ಅವರ ಪೆಥಾಲಜಿಯವರೇ ಮರುಓದುತ್ತಾರೆ. ಲ್ಯಾಬ್‌ನಲ್ಲಿ ಅರ್ಜಿ ಬರೆದುಕೊಟ್ಟು, ಸಹಿ ಹಾಕಿ ಪಡೆಯಿರಿ. ಪ್ರತಿ ಸ್ಲೈಡ್ ಮೇಲಿನ ನಂಬರ್ ರಿಪೋರ್ಟ್ ನಂಬರಿಗೆ ಹೊಂದುತ್ತದೆಯೇ ಎಂದು ಅಲ್ಲೇ ನಿಂತು ನೋಡಿ. ಪ್ಲಾಸ್ಟಿಕ್ ಸ್ಲೈಡ್ ಡಬ್ಬಿ ಸಿಗದಿದ್ದರೆ ಒಂದೊಂದನ್ನೂ ಟಿಶ್ಯೂ ಕಾಗದದಲ್ಲಿ ಸುತ್ತಿ ಗಟ್ಟಿ ಟಿಫಿನ್ ಡಬ್ಬಿಯಲ್ಲಿ ಹತ್ತಿ ತುರುಕಿ ಇಡಿ, ಬಸ್ಸಿನ ಲಗೇಜಿಗೆ ಹಾಕದೆ ತೊಡೆಯ ಮೇಲೇ ಇಟ್ಟುಕೊಳ್ಳಿ. ಮಳೆಗಾಲವಾದರೆ ಡಬ್ಬಿಯ ಮೇಲೊಂದು ಪ್ಲಾಸ್ಟಿಕ್ ಕವರ್.